ಐದು ನಿಮಿಷದ ಮಾತು

ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆಲ್ಲ ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಒಂದು ವಿಚಿತ್ರವಾದ ರಾತ್ರಿ ಬರುತ್ತದೆ. ಊಟ ಮುಗಿದಿರುತ್ತದೆ, ಅಡುಗೆಮನೆಯ ದೀಪ ಆರಿರುತ್ತದೆ, ಹಾಸಿಗೆ ಬಿಡಿಸುವ ಹೊತ್ತಿಗೆ ಮಗುವಿಗೆ ಥಟ್ಟನೆ ನೆನಪಾಗುತ್ತದೆ: “ಅಮ್ಮಾ, ನಾಳೆ ಪ್ರಾಜೆಕ್ಟು ಕೊಡಬೇಕು!” ಆಮೇಲೆ ಕೇಳಬೇಕೆ! ತಂದೆ ಅಂಗಿ ತೊಟ್ಟು ಮೂಲೆಯ ಅಂಗಡಿಗೆ ಓಡುತ್ತಾರೆ. ಅರ್ಧ ಬಾಗಿಲೆಳೆದಿದ್ದ ಅಂಗಡಿಯವನು ಇವರ ಮುಖ ನೋಡಿಯೇ ವಿಷಯ ತಿಳಿದು ಚಾರ್ಟ್ ಕಾಗದ, ಥರ್ಮೋಕೋಲು, ಗೋಂದು, ಬಣ್ಣದ ಪೆನ್ನುಗಳನ್ನು ಮುಂದಿಡುತ್ತಾನೆ. ಹನ್ನೊಂದು ಗಂಟೆಯ ವೇಳೆಗೆ ಮಗು ನಿದ್ದೆಹೋಗಿರುತ್ತದೆ; ತಾಯಿ ಮಾತ್ರ ಸೌರಮಂಡಲಕ್ಕೆ ಬಣ್ಣ ಹಚ್ಚುತ್ತ ಕುಳಿತಿರುತ್ತಾಳೆ. ಮರುದಿನ ಆ ಸೌರಮಂಡಲಕ್ಕೆ ದೊರೆತ ಅಂಕಗಳು ನ್ಯಾಯವಾಗಿ ಯಾರಿಗೆ ಸಲ್ಲಬೇಕೆಂಬುದನ್ನು ಯಾರೂ ವಿಚಾರಿಸುವುದಿಲ್ಲ.

ಈ ಪದ್ಧತಿಯನ್ನು ಮೊದಲು ಯೋಚಿಸಿದವರ ಉದ್ದೇಶ ಇದಾಗಿರಲಿಲ್ಲ. ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಪ್ರಾಜೆಕ್ಟ್ ಪದ್ಧತಿಯನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದಾಗ, ಆತ ಒತ್ತು ಕೊಟ್ಟದ್ದು ಮಗುವಿನ ಮನಸ್ಸಿನೊಳಗಿನ ಸಂಕಲ್ಪಕ್ಕೆ. ಮಗು ತಾನಾಗಿ ಬಯಸಿ, ತಾನಾಗಿ ತೊಡಗಿ, ಮನಸಾರೆ ಮಾಡಿದ ಕೆಲಸವೇ ಕಲಿಕೆ ಎಂಬುದು ಆತನ ಮತ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮೂಲಶಿಕ್ಷಣದ ವಿಚಾರವನ್ನು ದೇಶದ ಮುಂದಿಟ್ಟಾಗಲೂ ಪುಸ್ತಕದ ಪಾಠವನ್ನು ಕೈಕೆಲಸದೊಡನೆ, ಬದುಕಿನೊಡನೆ ಹೆಣೆಯಬೇಕೆಂಬುದೇ ಅದರ ತಿರುಳಾಗಿತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಶಾಲೆಯ ಅರಿವನ್ನು ಶಾಲೆಯ ಹೊರಗಿನ ಜೀವನಕ್ಕೆ ಜೋಡಿಸಬೇಕೆಂದು ಹೇಳಿತು. ಇಷ್ಟೆಲ್ಲ ಹಿರಿಯ ಆಶಯಗಳು ಇಳಿಯುತ್ತ ಇಳಿಯುತ್ತ ನಮ್ಮ ಮನೆಗಳ ಬಾಗಿಲಿಗೆ ಬರುವ ಹೊತ್ತಿಗೆ ಇಪ್ಪತ್ತು ಅಂಕಗಳಾಗಿ, ಒಂದು ಥರ್ಮೋಕೋಲಿನ ಹಲಗೆಯಾಗಿ ಉಳಿದಿವೆ.

ಹಾಗೆಂದಮಾತ್ರಕ್ಕೆ ಆ ಆಶಯ ಸತ್ತುಹೋಯಿತೆಂದು ತಿಳಿಯಬೇಕಾಗಿಲ್ಲ. ಕೆಲವು ಸಲ ಅದು ಯಾರೂ ಎದುರುನೋಡದ ಕಡೆಯಲ್ಲಿ ತಲೆಯೆತ್ತುತ್ತದೆ. ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಯೊಂದರ ಮೂರನೆಯ ಮಹಡಿಯಲ್ಲಿರುವ ಒಂದು ಸಂಸಾರದ ಕಥೆ ಅಂಥದು. ತಂದೆಗೆ ಖಾಸಗಿ ಬ್ಯಾಂಕಿನಲ್ಲಿ ಉದ್ಯೋಗ; ತಾಯಿಗೆ ವಿಮಾ ಕಚೇರಿಯಲ್ಲಿ; ಮಗಳು ಒಂಬತ್ತನೆಯ ತರಗತಿ; ಜೊತೆಗೆ ತಾಯಿಯ ತಾಯಿ, ಎಪ್ಪತ್ತೆರಡು ವರ್ಷದ ಅಜ್ಜಿ. ಅವರ ಹೆಸರುಗಳು ಇಲ್ಲಿ ಅನಗತ್ಯ. ಇಂಥ ಮನೆಗಳು ಪ್ರತಿಯೊಂದು ಬೀದಿಯಲ್ಲಿಯೂ ಇವೆ.

2025ರ ಆಗಸ್ಟ್ ತಿಂಗಳಲ್ಲಿ ಆ ಹುಡುಗಿಯ ಕನ್ನಡ ಅಧ್ಯಾಪಿಕೆ ತರಗತಿಗೆ ಒಂದು ಕೆಲಸ ಕೊಟ್ಟರು. ವಿಷಯ: ‘ನನ್ನ ಮನೆಯ ಕಥೆ’. ನಾಲ್ಕು ಪುಟಗಳನ್ನು ಸ್ವಂತ ಕೈಬರಹದಲ್ಲಿ ಬರೆಯಬೇಕು. ಮನೆಯಲ್ಲಿರುವ ಯಾವುದಾದರೂ ಒಂದು ಹಳೆಯ ವಸ್ತುವನ್ನು ತಂದು ತೋರಿಸಬೇಕು. ತರಗತಿಯ ಮುಂದೆ ನಿಂತು ಐದು ನಿಮಿಷ ಮಾತಾಡಬೇಕು. ಬರಹಕ್ಕೆ ಹತ್ತು ಅಂಕ, ಮಾತಿಗೆ ಹತ್ತು ಅಂಕ. ಮೂರು ವಾರಗಳ ಅವಧಿ.

ಹುಡುಗಿಗೆ ಬರೆಯುವುದು ಅಷ್ಟೇನೂ ಕಷ್ಟವಾಗಿರಲಿಲ್ಲ. ಮಾತಾಡುವುದೆಂದರೆ ಮಾತ್ರ ಎದೆ ನಡುಗುತ್ತಿತ್ತು. ಹಾಜರಿ ಕೂಗಿದಾಗಲೂ ಅವಳ ಉತ್ತರ ಮುಂದಿನ ಬೆಂಚಿನವರಿಗಷ್ಟೇ ಕೇಳಿಸುತ್ತಿತ್ತು. ಆ ರಾತ್ರಿ ಊಟದ ಮೇಜಿನ ಬಳಿ ಅವಳ ಮುಖ ಬಾಡಿದ್ದನ್ನು ಕಂಡು ತಂದೆ ಕಾರಣ ಕೇಳಿದರು.

“ಇಷ್ಟೇ ತಾನೆ? ಇದಕ್ಕೆ ಮೂರು ವಾರ ಏಕೆ? ಮೂರು ನಿಮಿಷ ಸಾಕು” ಎಂದರು.

ಅವರು ಹೇಳಿದ್ದು ಜಂಬದ ಮಾತೇನಲ್ಲ. 2022ರ ಕೊನೆಯಿಂದೀಚೆಗೆ, ಕೇಳಿದ್ದನ್ನು ಕ್ಷಣಮಾತ್ರದಲ್ಲಿ ಬರೆದುಕೊಡುವ ಕೃತಕ ಬುದ್ಧಿಮತ್ತೆ ಮನೆಮನೆಯ ಕಂಪ್ಯೂಟರಿಗೂ ಕೈಯಲ್ಲಿರುವ ಫೋನಿಗೂ ಬಂದು ನೆಲೆಸಿರುವುದು ಎಲ್ಲರಿಗೂ ತಿಳಿದದ್ದೇ. ತಂದೆ ಎರಡು ಸಾಲು ಒತ್ತಿದರು. ತಾಯಿ ಮಜ್ಜಿಗೆ ಬಡಿಸಿ ಮುಗಿಸುವಷ್ಟರಲ್ಲಿ ನಾಲ್ಕು ಪುಟಗಳು ಸಿದ್ಧವಾದವು. ಓದಲು ಬಹಳ ಸೊಗಸು! ಅಜ್ಜಿ ಪ್ರೀತಿಯ ಕಡಲು. ಮನೆ ಸಂಸ್ಕಾರದ ಗುಡಿ. ಅಜ್ಜಿಯ ಊರು ಪ್ರಕೃತಿಯ ಮಡಿಲಿನಲ್ಲಿರುವ ಸುಂದರ ಗ್ರಾಮ. ಅಲ್ಲಿ ಹಕ್ಕಿಗಳ ಕಲರವ, ತೊರೆಯ ಜುಳುಜುಳು ನಾದ. ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಹುಡುಗಿ ಎರಡು ಸಂಜೆ ಕುಳಿತು ದುಂಡಗಿನ ಅಕ್ಷರಗಳಲ್ಲಿ ಅದನ್ನು ನಕಲು ಮಾಡಿದಳು. ಹೀಗೆ ‘ಸ್ವಂತ ಕೈಬರಹ’ವೆಂಬ ನಿಯಮದ ಪಾಲನೆಯೂ ಆಯಿತು.

ಕರಡನ್ನು ನೋಡಿದ ಅಧ್ಯಾಪಿಕೆ ಗದರಲಿಲ್ಲ. ಎಲ್ಲಿಂದ ತಂದೆ ಎಂದು ಕೇಳಲೂ ಇಲ್ಲ. ನಲವತ್ತು ಕರಡುಗಳಲ್ಲಿ ಇಪ್ಪತ್ತು ಅಜ್ಜಿಯರು ಪ್ರೀತಿಯ ಕಡಲಾಗಿದ್ದುದನ್ನು ಅವರು ಆಗಲೇ ಕಂಡಿದ್ದರು. ‘ಸುಂದರ ಗ್ರಾಮ’ ಎಂಬ ಮಾತಿನ ಕೆಳಗೆ ಸೀಸದ ಕಡ್ಡಿಯಿಂದ ಗೆರೆ ಎಳೆದು ಅಂಚಿನಲ್ಲಿ ಎರಡು ಪ್ರಶ್ನೆಗಳನ್ನು ಮಾತ್ರ ಬರೆದರು: “ಊರಿನ ಹೆಸರೇನು? ನೀನು ನೋಡಿದ್ದೀಯಾ?”

ಹುಡುಗಿಗೆ ಎರಡಕ್ಕೂ ಉತ್ತರ ತಿಳಿದಿರಲಿಲ್ಲ.

ಮನೆಗೆ ಬಂದು ತಾಯಿಯನ್ನು ಕೇಳಿದಳು. “ಸಾಗರದ ಕಡೆ. ಅದೆಲ್ಲ ಮುಳುಗಿಹೋಯಿತಂತೆ. ನಾನು ಹುಟ್ಟುವುದಕ್ಕೂ ಮೊದಲಿನ ಮಾತು” ಎಂದಳು ತಾಯಿ. “ಹೆಸರು?” ಎಂದರೆ ತಾಯಿಯೂ ತಡವರಿಸಿದಳು. ತನ್ನ ತಾಯಿಯ ಊರಿನ ಹೆಸರನ್ನು ತಾನು ಎಂದೂ ಕೇಳಲಿಲ್ಲವೆಂಬುದು ಆ ಗೃಹಿಣಿಗೆ ಹೊಳೆದದ್ದು ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ, ಮಗಳ ಶಾಲೆಯ ಪ್ರಶ್ನೆಯಿಂದ.

ಅಜ್ಜಿ ಬಾಲ್ಕನಿಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. “ಅಜ್ಜೀ, ನಿನ್ನ ಊರು ಯಾವುದು?” ಎಂದು ಹುಡುಗಿ ಕೇಳಿದಳು.

“ಊರಾ? ನೀರಲ್ಲಿದೆ” ಎಂದಳು ಅಜ್ಜಿ. ಅಷ್ಟು ಹೇಳಿ ಸೊಪ್ಪಿನ ಬುಟ್ಟಿಯನ್ನೆತ್ತಿಕೊಂಡು ಒಳಕ್ಕೆ ಹೋದಳು.

ಹಿಂದಿನ ತಿಂಗಳಷ್ಟೇ, ಜುಲೈಯಲ್ಲಿ, ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಕಟ್ಟಿದ, ಎರಡು ಕಿಲೋಮೀಟರಿಗೂ ಮೀರಿದ ಸೇತುವೆ ಸಂಚಾರಕ್ಕೆ ತೆರೆದಿತ್ತು. ಅಲ್ಲಿಯವರೆಗೆ ಸಿಗಂದೂರಿಗೆ ಹೋಗುವವರು ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾದು, ಬಸ್ಸು ಕಾರುಗಳ ಸಮೇತ ನೀರು ದಾಟಬೇಕಾಗಿತ್ತು. ಟೆಲಿವಿಷನ್ನಿನಲ್ಲಿ ಆ ದೃಶ್ಯ ಬಂದ ದಿನ ಎಲ್ಲರೂ ಸೇತುವೆಯ ಅಂದವನ್ನು ಹೊಗಳುತ್ತಿದ್ದರು. ಅಜ್ಜಿ ಮಾತ್ರ ಸೇತುವೆಯನ್ನು ನೋಡದೆ ಅದರ ಕೆಳಗಿನ ನೀರನ್ನೇ ನೋಡುತ್ತಿದ್ದಳು. ಆಗ ಅದನ್ನು ಯಾರೂ ಗಮನಿಸಿರಲಿಲ್ಲ. ಹುಡುಗಿಗೆ ಅದು ಈಗ ನೆನಪಾಯಿತು.

ನಾಲ್ಕು ದಿನ ಕಳೆದವು. ಅಜ್ಜಿ ಬಾಯಿ ಬಿಡಲಿಲ್ಲ. ಐದನೆಯ ದಿನ ಸಂಜೆ ಮಳೆಯೊಡನೆ ವಿದ್ಯುತ್ತು ಹೋಯಿತು. ಲಿಫ್ಟು ನಡುವೆ ನಿಂತಿತು. ಮಹಡಿ ಮಹಡಿಗಳಿಂದ ಕೂಗು ಕೇಳಿಸಿತು. “ಕರೆಂಟು ಹೋಯಿತು, ಕರೆಂಟು ಹೋಯಿತು” ಎಂದು ಹುಡುಗಿಯೂ ಬೇಸರದಿಂದ ಗೊಣಗಿದಳು.

ಕತ್ತಲೆಯಲ್ಲಿ ಅಜ್ಜಿ ನಕ್ಕಳು. “ಹೋದದ್ದು ಗೊತ್ತಾಗುತ್ತದೆ ನಿಮಗೆಲ್ಲ. ಬಂದದ್ದು ಎಲ್ಲಿಂದ ಅಂತ ಗೊತ್ತಾ ಪುಟ್ಟೀ?”

ಹುಡುಗಿ ಸುಮ್ಮನೆ ಹತ್ತಿರ ಸರಿದು ಕುಳಿತಳು. ಆ ಸುಮ್ಮನಿರುವಿಕೆಯೇ ಅಜ್ಜಿಯ ಬಾಯಿ ಬಿಡಿಸಿತೆನ್ನಬೇಕು.

ಮಡೆನೂರಿನಿಂದಾಚೆಗೆ ಹದಿನಾಲ್ಕು ಮನೆಗಳ ಒಂದು ಹಳ್ಳಿ. ಅಜ್ಜಿಯ ತಂದೆಗೆ ಅಲ್ಲಿ ಒಂದು ತುಂಡು ಅಡಿಕೆ ತೋಟ, ಸ್ವಲ್ಪ ಗದ್ದೆ, ಹೆಂಚಿನ ಮನೆ. ಊರು ಬಿಡಬೇಕೆಂದು ಹೇಳಿಹೋದವರನ್ನು ಮೊದಲು ಯಾರೂ ನಂಬಲಿಲ್ಲ. ಅಷ್ಟು ನೀರು ಎಲ್ಲಿಂದ ಬರುತ್ತದೆ ಎಂದು ಹಿರಿಯರು ನಕ್ಕರು. ಆಮೇಲೆ ಕಲ್ಲು ನೆಟ್ಟರು. ಆಮೇಲೆ ಒಂದು ದಿನ ಲಾರಿ ಬಂತು.

“ಅಪ್ಪ ಮನೆಯನ್ನು ತಾನೇ ಕಳಚಿದ” ಎಂದಳು ಅಜ್ಜಿ. “ಹೆಂಚು, ಪಕಾಸಿ, ತೊಲೆ, ಬಾಗಿಲವಾಡ. ಹೊಸ ಕಡೆ ಕಟ್ಟಲಿಕ್ಕೆ ಬೇಕಲ್ಲ! ಬಾಗಿಲು ಕಿತ್ತ ಮೇಲೆ ಅವ್ವ ಹೊಸಿಲಿಗೆ ಅರಿಸಿನ ಹಚ್ಚಿದಳು. ಬಾಗಿಲಿಲ್ಲದ ಮನೆಗೆ ಹೊಸಿಲು ಪೂಜೆ ಏಕೆ ಅಂತ ನಾನು ಕೇಳಿದೆ. ನನಗೆ ಹತ್ತು ವರ್ಷ. ಅವ್ವ ಏನೂ ಹೇಳಲಿಲ್ಲ. ತೋಟದಲ್ಲಿ ಅಡಿಕೆ ಕೊನೆ ಇನ್ನೂ ಹಸಿರು. ಒಂದು ತಿಂಗಳು ಬಿಟ್ಟಿದ್ದರೆ ಕೊಯ್ಲು ಆಗುತ್ತಿತ್ತು. ಲಾರಿ ಕಾಯುತ್ತದೆಯೇ?”

“ನೀನು ಏನು ತಂದೆ ಅಜ್ಜೀ?”

“ನನ್ನ ಕೈಗೆ ಮೆಟ್ಟುಗತ್ತಿ ಕೊಟ್ಟಿದ್ದರು. ಲಾರಿಯಲ್ಲಿ ಬಿದ್ದು ಯಾರ ಕಾಲಿಗಾದರೂ ತಾಗೀತು, ಮಡಿಲಲ್ಲಿ ಇಟ್ಟುಕೊಂಡು ಕೂರು ಅಂದರು. ಗೋಣಿ ಸುತ್ತಿ ಇಟ್ಟುಕೊಂಡು ಕೂತಿದ್ದೆ.”

ಹುಡುಗಿ ಬೆರಗಾದಳು. ಆ ಮೆಟ್ಟುಗತ್ತಿಯನ್ನು ಅವಳು ಹುಟ್ಟಿದಂದಿನಿಂದ ನೋಡಿದ್ದಳು. ಅಡುಗೆಮನೆಯ ಮೂಲೆಯಲ್ಲಿ, ಗ್ಯಾಸಿನ ಸಿಲಿಂಡರಿನ ಪಕ್ಕದಲ್ಲಿ ಅದು ಇತ್ತು. ಹಲಸು ಹೆಚ್ಚುವ ದಿನ ಅಜ್ಜಿ ಅದನ್ನು ಹೊರಕ್ಕೆ ತೆಗೆಯುತ್ತಿದ್ದಳು, ತಾಯಿ “ಚಾಕು ಇಲ್ಲವೇ, ನೆಲದ ಮೇಲೆ ಏಕೆ ಕೂರುತ್ತೀ?” ಎಂದು ಬೇಸರಪಡುತ್ತಿದ್ದಳು. ಹಿಂದೆ ಅಡಿಕೆ ಸುಗ್ಗಿಯ ರಾತ್ರಿಗಳಲ್ಲಿ ಊರಿನ ಹೆಂಗಸರೆಲ್ಲ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕುಳಿತು, ಕಥೆ ಹೇಳುತ್ತ ಅಡಿಕೆ ಸುಲಿಯುತ್ತಿದ್ದರೆಂಬುದನ್ನೂ ಅಜ್ಜಿ ಆ ರಾತ್ರಿ ಹೇಳಿದಳು. ದೀಪ ಬಂದ ಮೇಲೂ ಇಬ್ಬರೂ ಎದ್ದು ಹೋಗಲಿಲ್ಲ.

ಆ ವಾರ ಹುಡುಗಿಯ ಓದೇ ಬೇರೆಯಾಯಿತು. ತಂದೆಯೂ ಕುತೂಹಲಗೊಂಡು ಜೊತೆಗೂಡಿದರು. ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತೆಂಬುದು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದದ್ದು, 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾದದ್ದು, ಇವೆಲ್ಲ ಅವಳ ಟಿಪ್ಪಣಿ ಪುಸ್ತಕವನ್ನು ಸೇರಿದವು. ಜೋಗಕ್ಕಾಗಿ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಕೂಡ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಅದರ ನೀರಿನಲ್ಲಿ ಮುಳುಗಿತೆಂದು ಓದಿ ತಂದೆಯೇ ಆಶ್ಚರ್ಯಪಟ್ಟರು. ನೀರು ತೀರ ಇಳಿದ ಬೇಸಗೆಗಳಲ್ಲಿ ಆ ಹಳೆಯ ಕಟ್ಟಡ ಮತ್ತೆ ಕಾಣಿಸಿಕೊಳ್ಳುತ್ತದೆ. ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳು, ಒಟ್ಟು 1035 ಮೆಗಾವಾಟ್ ಸಾಮರ್ಥ್ಯ. ರಾಜ್ಯದ ಕೈಗಾರಿಕೆಗಳು ಬೆಳೆದದ್ದು, ನಗರಗಳ ಮನೆಗಳಲ್ಲಿ ಗುಂಡಿಯೊತ್ತಿದರೆ ದೀಪ ಹತ್ತಿದ್ದು ಇಂಥ ನೀರಿನ ಬಲದಿಂದ. ಮುಳುಗಡೆಯಾದವರಿಗೆ ಬೇರೆ ಬೇರೆ ತಾಲ್ಲೂಕುಗಳ ಕಾಡಿನಲ್ಲಿ ತೋರಿಸಿದ ಭೂಮಿಯ ಹಕ್ಕುಪತ್ರದ ತಕರಾರು ಮಾತ್ರ ಅರವತ್ತು ವರ್ಷಗಳಾದರೂ ಮುಗಿದಿರಲಿಲ್ಲ.

“ನಿನ್ನ ಹೊಸ ಮನೆಗೆ ಕರೆಂಟು ಯಾವಾಗ ಬಂತು ಅಜ್ಜೀ?” ಎಂದು ಹುಡುಗಿ ಕೇಳಿದಳು.

“ನನ್ನ ಮದುವೆ ಆಗಿ ಎರಡು ವರ್ಷದ ಮೇಲೆ. ನಾನು ಬಾಣಂತನಕ್ಕೆ ಹೋದಾಗ ಬಲ್ಬು ಇತ್ತು.”

ಹುಡುಗಿ ಹೊಸದಾಗಿ ಬರೆಯತೊಡಗಿದಳು. ಈ ಸಲ ಅಕ್ಷರ ದುಂಡಗಿರಲಿಲ್ಲ, ಕಾಟುಗಳು ಹೆಚ್ಚಾಗಿದ್ದವು. ಆದರೆ ಒಂದೊಂದು ಸಾಲಿಗೂ ಅಜ್ಜಿಯ ಬಳಿಗೆ ಓಡಬೇಕಾಗಿತ್ತು. ಲಾರಿಯ ಬಣ್ಣವೇನು? ಬೆಕ್ಕು ಬಂತೇ? ದಾರಿಯಲ್ಲಿ ಏನು ತಿಂದಿರಿ? ಕಂಪ್ಯೂಟರು ಬರೆದುಕೊಟ್ಟ ಪುಟಗಳಿಗೆ ಒಂದು ಪ್ರಶ್ನೆಯನ್ನೂ ಕೇಳಬೇಕಾಗಿರಲಿಲ್ಲ. ಯಾವ ಅಜ್ಜಿಗಾದರೂ ಒಪ್ಪುವ ಆ ಮಾತುಗಳಿಗೆ ಈ ಅಜ್ಜಿಯ ಅಗತ್ಯವೇ ಇರಲಿಲ್ಲ.

ಕಷ್ಟ ಬಂದದ್ದು ಮೂರನೆಯ ಪುಟದಲ್ಲಿ. ಪರಿಹಾರದ ಹಣವನ್ನು ಕುರಿತು ಕೇಳಿದಾಗ ಅಜ್ಜಿ ಒಂದು ವಿಷಯವನ್ನು ಹೇಳಿಬಿಟ್ಟಿದ್ದಳು. ಅದು ಅಣ್ಣತಮ್ಮಂದಿರ ನಡುವಿನ ವಿಷಯ. ಒಂದು ಹೆಬ್ಬೆಟ್ಟಿನ ಗುರುತಿನ ವಿಷಯ. ಅಜ್ಜಿಯ ತಂದೆ ಅದಾದ ಮೇಲೆ ತನ್ನ ತಮ್ಮನೊಡನೆ ಸಾಯುವತನಕ ಮಾತಾಡಲಿಲ್ಲ. ಹುಡುಗಿ ಅದನ್ನೆಲ್ಲ ಬರೆದಳು. ಬರೆದದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದೂ ಅದೇ ಪುಟ. ತಾಯಿ ಅದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಳು. ಶಿವಮೊಗ್ಗದಲ್ಲಿರುವ ಚಿಕ್ಕಜ್ಜನ ಮಕ್ಕಳ ಮನೆಗೆ ತಮ್ಮನ್ನು ಏಕೆ ಎಂದೂ ಕರೆದುಕೊಂಡು ಹೋಗಲಿಲ್ಲವೆಂಬುದು ಅವಳಿಗೆ ಅಂದು ತಿಳಿಯಿತು.

“ಇದನ್ನು ಶಾಲೆಯಲ್ಲಿ ಓದುತ್ತೀಯಾ?” ಎಂದು ಕೇಳಿದಳು.

“ನಡೆದದ್ದೇ ಅಲ್ಲವೇ ಅಮ್ಮಾ?”

“ನಡೆದದ್ದು ಹೌದು. ಆದರೆ ಯಾರದ್ದು?”

ಹುಡುಗಿ ಅಧ್ಯಾಪಿಕೆಯನ್ನು ಕೇಳಿದಳು. ಸುಳ್ಳು ಬರೆಯಬಾರದೆಂದು ಅವರೇ ಹೇಳಿದ್ದರು. ಹಾಗಾದರೆ ನಿಜವನ್ನು ಬಿಟ್ಟುಬಿಡುವುದು ಸುಳ್ಳಾಗುವುದಿಲ್ಲವೇ? ಅಧ್ಯಾಪಿಕೆ ಉತ್ತರ ಕೊಡಲಿಲ್ಲ. “ಬರೆದದ್ದನ್ನೆಲ್ಲ ಅಜ್ಜಿಗೆ ಓದಿಹೇಳು. ಆಮೇಲೆ ನೀನೇ ಯೋಚಿಸು” ಎಂದಷ್ಟೇ ಹೇಳಿದರು.

ಅದು ಸುಲಭದ ಸಲಹೆಯಾಗಿರಲಿಲ್ಲ. ಒಬ್ಬರ ಬಗ್ಗೆ ನಲವತ್ತು ಮಂದಿಯ ಮುಂದೆ ಮಾತಾಡಿಬಿಡಬಹುದು. ಅದನ್ನೇ ಅವರ ಮುಖ ನೋಡುತ್ತ ಓದುವುದು ಬೇರೆ. ಭಾನುವಾರ ಮಧ್ಯಾಹ್ನ ಅಜ್ಜಿ ಗೋಡೆಗೆ ಒರಗಿ ಕುಳಿತಳು, ಮೊಮ್ಮಗಳು ಓದಿದಳು. ಬಾಗಿಲವಾಡದ ಸಾಲಿಗೆ ಅಜ್ಜಿ ತಲೆಯಾಡಿಸಿದಳು. ಬೆಕ್ಕಿನ ಬಣ್ಣ ತಪ್ಪಾಗಿತ್ತು, ತಿದ್ದಿಸಿದಳು. ಹಣದ ಭಾಗ ಬಂದಾಗ ಹುಡುಗಿಯ ಧ್ವನಿ ತಾನಾಗಿ ತಗ್ಗಿತು. ಓದಿ ಮುಗಿಸಿದ ಮೇಲೆ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ.

“ಚೆಂದ ಬರೆದಿದ್ದೀ” ಎಂದಳು ಕೊನೆಗೆ. “ಆದರೆ ಅಪ್ಪನ ಹೆಬ್ಬೆಟ್ಟು ಅಪ್ಪನದ್ದು. ಚಿಕ್ಕಪ್ಪನೂ ಈಗ ಇಲ್ಲ, ಎದ್ದು ಬಂದು ತನ್ನ ಮಾತು ಹೇಳಲಿಕ್ಕೆ. ನಿನಗೆ ಹೇಳಿದೆ, ನಿನ್ನಲ್ಲಿ ಇರಲಿ.”

ಹುಡುಗಿ ಆ ಪುಟವನ್ನು ಹರಿಯಲಿಲ್ಲ. ಮಡಿಸಿ ಅಜ್ಜಿಯ ಕೈಗೆ ಕೊಟ್ಟಳು. ಅದರ ಜಾಗದಲ್ಲಿ ಎರಡೇ ವಾಕ್ಯ ಬರೆದಳು: ಪರಿಹಾರದ ಹಣ ಬಂತು, ಅದು ಮನೆಯನ್ನು ಒಟ್ಟಾಗಿ ಇಡಲಿಲ್ಲ. ಅದರ ಕಥೆಯನ್ನು ಅಜ್ಜಿ ನನಗೆ ಹೇಳಿದ್ದಾಳೆ, ಇಲ್ಲಿ ಹೇಳುವುದಕ್ಕೆ ಅನುಮತಿ ಇಲ್ಲ.

ಹೀಗೆ ಬರೆದದ್ದರಿಂದ ನಾಲ್ಕು ಪುಟ ಮೂರೂವರೆಯಾಯಿತು. ಆದರೆ ಬರಹದಲ್ಲಿ ಬಿಟ್ಟ ಜಾಗವನ್ನು ಮುಚ್ಚಿಡಬೇಕಾಗಿಲ್ಲ, ಇಲ್ಲಿ ಒಂದು ವಿಷಯವಿದೆ, ಅದನ್ನು ಹೇಳುವುದಿಲ್ಲ ಎಂದು ನೇರವಾಗಿ ಹೇಳಬಹುದು ಎಂಬ ಪಾಠವನ್ನು ಆ ಮಗು ಯಾವ ವ್ಯಾಕರಣದ ಪುಸ್ತಕದಿಂದಲೂ ಕಲಿಯುವಂತಿರಲಿಲ್ಲ. ಎಷ್ಟೋ ಆತ್ಮಕಥೆಗಳನ್ನು ಬರೆದ ಹಿರಿಯರಿಗೂ ಇದು ಸುಲಭವಾಗಿ ಸಾಧಿಸುವುದಿಲ್ಲ.

ಇನ್ನೊಂದು ತೊಡಕು ಉಳಿದಿತ್ತು. ಮೆಟ್ಟುಗತ್ತಿಯನ್ನು ಶಾಲೆಗೆ ಒಯ್ಯುವುದು ಹೇಗೆ? ಕತ್ತಿ, ಚಾಕುಗಳನ್ನು ಮಕ್ಕಳು ಶಾಲೆಯೊಳಕ್ಕೆ ತರುವಂತಿಲ್ಲ. ಆಗ ಎದ್ದವರು ತಂದೆ. ಮೂರು ನಿಮಿಷದ ಕೆಲಸವೆಂದಿದ್ದ ಅವರು ಶನಿವಾರ ಮಧ್ಯಾಹ್ನವೆಲ್ಲ ನೆಲದ ಮೇಲೆ ಕುಳಿತು, ತುಕ್ಕು ಹಿಡಿದ ತಿರುಪುಗಳಿಗೆ ಎಣ್ಣೆ ಬಿಟ್ಟು, ಬೆರಳಿಗೆ ಒಂದು ಗಾಯವನ್ನೂ ಮಾಡಿಕೊಂಡು, ಕತ್ತಿಯನ್ನು ಮಣೆಯಿಂದ ಬೇರ್ಪಡಿಸಿದರು. ಮಣೆಯ ಮೇಲೆ ತಲೆಮಾರುಗಳ ಕಾಲು ಒತ್ತಿ ಒತ್ತಿ ಒಂದು ಕಡೆ ಸವೆದು ತಗ್ಗಾಗಿತ್ತು. ಅಳಿಯ ಆ ತಗ್ಗಿನ ಮೇಲೆ ಬೆರಳಾಡಿಸುವುದನ್ನು ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು. ಏನೂ ಹೇಳದೆ ಒಳಗೆ ಹೋಗಿ ಕಾಫಿ ತಂದುಕೊಟ್ಟಳು.

ಆ ದಿನ ಬಂತು. ಅವಳಿಗಿಂತ ಮುಂಚೆ ಮಾತಾಡಿದ ಹುಡುಗ ಪರದೆಯ ಮೇಲೆ ಹದಿನೆಂಟು ಬಣ್ಣದ ಚಿತ್ರಗಳನ್ನು ತೋರಿಸಿ, ನಾಲ್ಕು ನಿಮಿಷ ಐವತ್ತು ಸೆಕೆಂಡಿಗೆ ಸರಿಯಾಗಿ ಮುಗಿಸಿ ಚಪ್ಪಾಳೆ ಗಿಟ್ಟಿಸಿದ. ಹುಡುಗಿ ಮರದ ಮಣೆಯನ್ನೆತ್ತಿಕೊಂಡು ಮುಂದೆ ಹೋದಳು. ಬಾಯಿ ಒಣಗಿತು. ಉರು ಹಾಕಿದ್ದ ಮೊದಲ ವಾಕ್ಯ ಮರೆತುಹೋಯಿತು. ಗೋಡೆಯ ಗಡಿಯಾರದ ಸದ್ದು ಕೇಳಿಸುವಷ್ಟು ಹೊತ್ತು ಸುಮ್ಮನೆ ನಿಂತಳು.

“ನಮ್ಮ ಅಜ್ಜಿಯ ಊರು ನೀರಿನಲ್ಲಿದೆ” ಎಂದಳು ಕೊನೆಗೆ.

“ನಿಮ್ಮ ಅಜ್ಜಿ ಏನು ಮೀನಾ?” ಎಂದು ಹಿಂದಿನ ಬೆಂಚಿನಿಂದ ಒಂದು ಧ್ವನಿ ಬಂತು. ತರಗತಿ ಘೊಳ್ಳೆಂದಿತು.

ಹುಡುಗಿಯ ಕಣ್ಣು ತುಂಬಿತು. ಹಿಂದಿನ ವಾರದ ಆ ಸೊಗಸಾದ ನಾಲ್ಕು ಪುಟಗಳಾಗಿದ್ದರೆ ಅವಳು ಅಲ್ಲಿಯೇ ಕೆಳಗಿಟ್ಟು ಹೋಗಿ ಕುಳಿತುಕೊಳ್ಳುತ್ತಿದ್ದಳೇನೋ. ಅವು ಯಾರವೂ ಆಗಿರಲಿಲ್ಲ. ಈಗ ಹಾಗೆ ಹೋಗುವಂತಿರಲಿಲ್ಲ. ಅವಳು ಮಣೆಯನ್ನು ಮೇಜಿನ ಮೇಲಿಟ್ಟು, ಸವೆದ ತಗ್ಗನ್ನು ತೋರಿಸಿ, ಕಾಗದ ನೋಡದೆಯೇ ಹೇಳತೊಡಗಿದಳು. ಹಳ್ಳಿಯ ಹೆಸರು ಹೇಳಿದಳು. ಹದಿನಾಲ್ಕು ಮನೆಗಳಿದ್ದುದನ್ನು ಹೇಳಿದಳು. ಬಾಗಿಲಿಲ್ಲದ ಮನೆಯ ಹೊಸಿಲಿಗೆ ಅರಿಸಿನ ಹಚ್ಚಿದ ಮುತ್ತಜ್ಜಿಯನ್ನು ಹೇಳಿದಳು. ಹತ್ತು ವರ್ಷದ ಹುಡುಗಿಯೊಬ್ಬಳು ಗೋಣಿ ಸುತ್ತಿದ ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಲಾರಿಯಲ್ಲಿ ಕುಳಿತದ್ದನ್ನು ಹೇಳಿದಳು. ಧ್ವನಿ ದೊಡ್ಡದಾಗಲಿಲ್ಲ, ತರಗತಿಯೇ ಸದ್ದಡಗಿತು. 1964ರ ಅಣೆಕಟ್ಟಿನ ಮಾತಿಗೆ ಬಂದು, ಆ ನೀರಿನಿಂದ ಬಂದ ಬೆಳಕಿನ ಲೆಕ್ಕವನ್ನು ಹೇಳುವಷ್ಟರಲ್ಲಿ ಐದು ನಿಮಿಷದ ಗಂಟೆ ಬಾರಿಸಿತು. ಹಕ್ಕುಪತ್ರದ ವಿಷಯ ಹೇಳದೆಯೇ ಉಳಿಯಿತು.

ಅಂಕಗಳು ಎರಡು ದಿನದ ಮೇಲೆ ಬಂದವು. ಬರಹಕ್ಕೆ ಹತ್ತರಲ್ಲಿ ಎಂಟು; ಅರ್ಧ ಪುಟ ಕಡಿಮೆ. ಮಾತಿಗೆ ಹತ್ತರಲ್ಲಿ ಆರು. ಆರಂಭದಲ್ಲಿ ತಡವರಿಕೆ, ಕಾಲಪಾಲನೆ ಇಲ್ಲ. ಒಟ್ಟು ಹದಿನಾಲ್ಕು. ಬಣ್ಣದ ಚಿತ್ರಗಳ ಹುಡುಗನಿಗೆ ಹತ್ತೊಂಬತ್ತು. “ಅಂಕದ ಪಟ್ಟಿ ಎಲ್ಲರಿಗೂ ಒಂದೇ, ಗಂಟೆಯೂ ಒಂದೇ” ಎಂದರು ಅಧ್ಯಾಪಿಕೆ. ಅವರು ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ತಂದೆ ಹದಿನಾಲ್ಕೆಂಬುದನ್ನು ಕೇಳಿ ಒಂದು ಕ್ಷಣ ಹುಬ್ಬು ಗಂಟಿಕ್ಕಿದರು. ಆಮೇಲೆ ತಮ್ಮ ಬೆರಳಿನ ಪಟ್ಟಿಯನ್ನು ನೋಡಿಕೊಂಡು ಸುಮ್ಮನಾದರು.

ಮಾತಾಡಿದ ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಇನ್ನೊಂದು ಪ್ರಸಂಗ ನಡೆದಿತ್ತು. ಹಿಂದಿನ ಬೆಂಚಿನಿಂದ ಮೀನೆಂದು ಕೂಗಿದವನು ಡಬ್ಬಿ ಹಿಡಿದುಕೊಂಡು ಬಂದು ದೂರದಲ್ಲಿ ನಿಂತಿದ್ದ. “ನಮ್ಮ ಮುತ್ಯಾನ ಮನೆ ಹಳೇ ಬಾಗಲಕೋಟೆಯಲ್ಲಿ ಇತ್ತಂತೆ. ಆಲಮಟ್ಟಿ ನೀರಿಗೆ ಹೋಯಿತಂತೆ” ಎಂದ. ಸ್ವಲ್ಪ ಹೊತ್ತು ತಡೆದು, “ನಾನು ಸಿಂಗಪುರಕ್ಕೆ ಹೋಗಿ ಬಂದದ್ದನ್ನು ಬರೆದಿದ್ದೇನೆ” ಎಂದು ಸೇರಿಸಿದ. ಅವನ ಸರದಿ ಮರುದಿನವಿತ್ತು. ಆಗ ಅದನ್ನು ಬದಲಾಯಿಸಲು ವೇಳೆ ಇರಲಿಲ್ಲ. ಆದರೆ ಮುಂದಿನ ರಜೆಯಲ್ಲಿ ಮುತ್ಯಾನನ್ನು ಏನು ಕೇಳಬೇಕೆಂದು ಹುಡುಗಿಯಿಂದ ಐದಾರು ಪ್ರಶ್ನೆಗಳನ್ನು ಬರೆಸಿಕೊಂಡು ಹೋದ.

ಹಾಗೆ ನೋಡಿದರೆ ಕರ್ನಾಟಕದ ಯಾವ ತರಗತಿಯಲ್ಲಿ ಇಂಥ ಒಂದಿಬ್ಬರು ಮಕ್ಕಳಿಲ್ಲ! ಕಾವೇರಿಯ ಕೃಷ್ಣರಾಜಸಾಗರದಡಿ ಹಳೆಯ ಕನ್ನಂಬಾಡಿ ಮುಳುಗಿತು. ಕೃಷ್ಣೆಯ ನೀರು ಹಳೆಯ ಬಾಗಲಕೋಟೆಯ ಬೀದಿಗಳಿಗೆ ಬಂತು. ಶರಾವತಿ ಮಲೆನಾಡಿನ ತೋಟಗಳನ್ನು ತೆಗೆದುಕೊಂಡಿತು. ಊರು ಮುಳುಗದವರಿಗೂ ಬಿಟ್ಟುಬಂದ ಮನೆಯೊಂದು, ಮಾರಿದ ಹೊಲವೊಂದು, ನಿಂತುಹೋದ ಕಸುಬೊಂದು ಇದ್ದೇ ಇರುತ್ತದೆ. ನಗರದ ಮಹಡಿಮನೆಗಳಲ್ಲಿ ಹಿರಿಯರು ಅದನ್ನೆಲ್ಲ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾರೆ. ಅವರಾಗಿ ಹೇಳುವುದಿಲ್ಲ, ಇವರಾಗಿ ಕೇಳುವುದಿಲ್ಲ. ನಡುವೆ ಟೆಲಿವಿಷನ್ನು ಮಾತಾಡುತ್ತಿರುತ್ತದೆ. ಶಾಲೆಯ ಒಂದು ಕೆಲಸ ಆ ಮೌನವನ್ನು ಒಂದು ಮನೆಯಲ್ಲಾದರೂ ಮುರಿಯಬಲ್ಲದಾದರೆ, ಅದನ್ನು ಮಗುವಿನ ಕೈಯಿಂದ ಕಿತ್ತುಕೊಂಡು ಮೂರು ನಿಮಿಷದಲ್ಲಿ ಮುಗಿಸಿಕೊಡುವ ತಂದೆತಾಯಿಗಳು ತಾವು ಮಾಡುತ್ತಿರುವ ಉಪಕಾರ ಎಂಥದೆಂದು ಒಮ್ಮೆ ಯೋಚಿಸಬೇಕು.

ಅಂದು ಸಂಜೆ ಹುಡುಗಿ ಮನೆಗೆ ಬಂದಾಗ 1819 ಅಡಿಯ ಲೆಕ್ಕವನ್ನಾಗಲಿ, ಚಪ್ಪಾಳೆಯನ್ನಾಗಲಿ ಅಜ್ಜಿ ವಿಚಾರಿಸಲಿಲ್ಲ. ಮಣೆಯನ್ನು ಅವಳ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಒರೆಸಿದಳು.

“ಊರಿನ ಹೆಸರು ಸರಿಯಾಗಿ ಹೇಳಿದೆಯಾ?” ಎಂದು ಕೇಳಿದಳು.

“ಹೇಳಿದೆ ಅಜ್ಜೀ.”

“ಎಲ್ಲರಿಗೂ ಕೇಳಿಸಿತಾ?”

“ಕೇಳಿಸಿತು.”

ಯಾವ ಬಸ್ಸಿನ ಫಲಕದ ಮೇಲೂ ಇಲ್ಲದ ಆ ಹೆಸರನ್ನು ಅಜ್ಜಿ ತಾನೂ ಒಂದು ಸಲ ಮೆಲ್ಲಗೆ ಹೇಳಿಕೊಂಡಳು. ಆಮೇಲೆ ಅಳಿಯನನ್ನು ಕರೆದು, ರಾತ್ರಿಯ ಅಡುಗೆಗೆ ಹಲಸಿನಕಾಯಿ ಹೆಚ್ಚಬೇಕಾಗಿದೆ, ಕತ್ತಿಯನ್ನು ಮಣೆಗೆ ಮತ್ತೆ ಕೂರಿಸಿಕೊಡು ಎಂದಳು.